ಎದೆ ಮೇಲೊಂದು ನಂಬರು

ಆ ಶನಿವಾರ ಬೆಳ್ಳಂಬೆಳಿಗ್ಗೆ ಷಣ್ಮುಖಪ್ಪನ ಬಾಯಿಂದ ಹೊರಬಿದ್ದದ್ದು ಮೂರೇ ಅಕ್ಷರ: ಹರಕೆ. ಬಾಯಿ ತಪ್ಪಿ ಬಂದ ಮಾತೇನಲ್ಲ, ತುಸು ಯೋಚಿಸಿಯೇ ಆಡಿದ್ದ. ಯೋಚಿಸಿ ಆಡಿದ ಮಾತು ಕೆಲವು ಸಲ ಬಾಯಿ ತಪ್ಪಿದ್ದಕ್ಕಿಂತ ಹೆಚ್ಚು ಕೆಡಿಸುತ್ತದೆ ಎಂಬುದು ಅವನಿಗೆ ಪೂರ್ತಿ ಗೊತ್ತಾಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ.

ಹಾರನಹಳ್ಳಿಯಿಂದ ಮೂರು ಕಿಲೋಮೀಟರ್ ಆಚೆಗಿರುವ ಗುಡ್ಡದಕೊಪ್ಪಲಿನ ಹಾಲಿನ ಡೈರಿಯಲ್ಲಿ ಷಣ್ಮುಖಪ್ಪ ಟೆಸ್ಟರ್. ಇಪ್ಪತ್ತೆರಡು ವರ್ಷದಿಂದ ಊರಿನ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಅದ್ದಿ, ಯಾರ ಕ್ಯಾನಿನಲ್ಲಿ ಎಷ್ಟು ನೀರಿದೆ ಎಂದು ಮುಖ ಮೋರೆ ನೋಡದೆ ಹೇಳಿದವನು. ಊರಿನವರಿಗೆ ಅವನ ಮೇಲೆ ಅಂಥ ಪ್ರೀತಿ ಇಲ್ಲದಿದ್ದರೂ ಒಂದು ನಂಬಿಕೆ ಇತ್ತು. ಈ ಮನುಷ್ಯ ಹಾಲಿಗೆ ನೀರು ಬೆರೆಸಲು ಬಿಡುವುದಿಲ್ಲ, ಮಾತಿಗೆ ತಾನೂ ಬೆರೆಸುವುದಿಲ್ಲ.

ಇಂಥವನಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಓಟದ ಹುಚ್ಚು ಹತ್ತಿತು. ಭಾನುವಾರ ಎಚ್.ಡಿ. ಕೋಟೆ ಕಡೆ ಬೆಟ್ಟದ ಓಟ ಇತ್ತು. ಇಪ್ಪತ್ತೊಂದು ಕಿಲೋಮೀಟರ್, ಅರ್ಧಕ್ಕರ್ಧ ಏರು. ಅದಕ್ಕಾಗಿ ಎಂಟು ತಿಂಗಳಿಂದ, ಡೈರಿ ಬಾಗಿಲು ತೆಗೆಯುವ ಮುಂಚೆ, ಊರ ಪಕ್ಕದ ಗುಡ್ಡವನ್ನು ಓಡುತ್ತ ಹತ್ತಿ ಓಡುತ್ತ ಇಳಿಯುತ್ತಿದ್ದ. ಗುಡ್ಡದ ತಲೆಯ ಮೇಲೆ ಗುಡ್ಡದಯ್ಯನ ಗುಡಿ. ಗುಡಿಯ ಮೆಟ್ಟಿಲು ಮುಟ್ಟಿದರೆ ಅರ್ಧ ಸುತ್ತು, ಕೆಳಗೆ ಬಂದು ಹುಣಸೆಮರ ಮುಟ್ಟಿದರೆ ಪೂರ್ತಿ ಸುತ್ತು.

ಅವನ ಆಸೆ ಗೆಲ್ಲುವುದಾಗಿರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ರಾವಂದೂರಿನ ಹೋಬಳಿ ಕ್ರೀಡಾಕೂಟದಲ್ಲಿ ಓಡುವ ಹುಡುಗರಿಗೆ ಬಟ್ಟೆಯ ನಂಬರು ಹಂಚಿದ್ದರು. ಷಣ್ಮುಖಪ್ಪನ ಸರದಿ ಬರುವಷ್ಟರಲ್ಲಿ ನಂಬರು ಮುಗಿದಿತ್ತು. "ಹೋಗ್ಲಿ, ಹಂಗೇ ಓಡು" ಎಂದರು ಮೇಷ್ಟ್ರು. ಹಂಗೇ ಓಡಿದ, ಎಲ್ಲರಿಗಿಂತ ಮುಂಚೆ ಹಗ್ಗ ಮುಟ್ಟಿದ. ಅಲ್ಲಿ ಹೆಸರು ಬರೆಯುತ್ತಿದ್ದವರು ಅವನ ಮುಖ ನೋಡಲಿಲ್ಲ, ಎದೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಎರಡನೆಯವನ ನಂಬರು ಮೊದಲನೆಯ ಸಾಲಿಗೆ ಹೋಯಿತು. ಮೂವತ್ತೆರಡು ವರ್ಷವಾದರೂ ಆ ಉರಿ ಹೋಗಿರಲಿಲ್ಲ. ಮುಂದೆ ಐನೂರು ಜನ ಓಡಲಿ, ಪರವಾಗಿಲ್ಲ. ತನ್ನ ಎದೆಯ ಮೇಲೆ ನಾಲ್ಕು ಪಿನ್ನು ಚುಚ್ಚಿದ ಒಂದು ನಂಬರು ಇರಬೇಕು. ಗೆರೆ ದಾಟಿದಾಗ ಯಾರಾದರೂ ಅದನ್ನು ಬರೆದುಕೊಳ್ಳಬೇಕು. ಇಷ್ಟೇ ಅವನಿಗೆ ಬೇಕಾಗಿದ್ದುದು.

ನಂಬರನ್ನು ಶನಿವಾರ ಸಂಜೆ ಐದರೊಳಗೆ ಹುಣಸೂರಿನ ಒಂದು ಕಲ್ಯಾಣಮಂಟಪಕ್ಕೆ ಬಂದು ತೆಗೆದುಕೊಳ್ಳಬೇಕೆಂದು ಫೋನಿಗೆ ಮೆಸೇಜು ಬಂದಿತ್ತು. ಓಟದ ಹಿಂದಿನ ದಿನ ಕಾಲು ಸಡಿಲಾಗಲು ಎರಡೇ ಸುತ್ತು ಸಾಕು ಎಂದು ಅವನು ಡೈರಿಗೆ ರಜೆ ಹಾಕಿ, ಫೋನು ಮನೆಯಲ್ಲಿಟ್ಟು ಗುಡ್ಡಕ್ಕೆ ಬಂದ. ಬುಡದಲ್ಲಿ ಎಂದಿನಂತೆ ಪುಟ್ಟಸಿದ್ದಮ್ಮ ಆಡು ಮೇಯಿಸುತ್ತಿದ್ದಳು. ಎಂಟು ತಿಂಗಳಿಂದ ಈ ಮುದುಕಿಯ ಪ್ರಶ್ನೆಗಳೇ ಅವನಿಗೆ ಗುಡ್ಡಕ್ಕಿಂತ ಕಡಿದಾದ ಏರು.

"ಗೆದ್ರೆ ಏನ್ಲಾ ಕೊಡ್ತಾರೆ, ಸಣ್ಮುಕಾ?"

"ಮೆಡಲ್ಲು ಕಣವ್ವ."

"ಚಿನ್ನದ್ದಾ?"

"ತಗಡಿಂದು."

"ಸೋತ್ರೆ?"

"ಸೋತೋರ್ಗೂ ಅದನ್ನೇ ಕೊಡ್ತಾರೆ."

"ಅಂಗಾದ್ರೆ ಮನೇಲಿ ಕುಂತಿದ್ರೆ ಕೊಡಾಕಿಲ್ವಾ?"

ಇದಕ್ಕೆ ಉತ್ತರ ಹೇಳಿ ಹೇಳಿ ಅವನ ಅರ್ಧ ಉಸಿರು ಗುಡ್ಡದ ಬುಡದಲ್ಲೇ ಖರ್ಚಾಗುತ್ತಿತ್ತು. ಆ ಶನಿವಾರ ಅವಳು "ಯಾಕ್ಲಾ..." ಎಂದು ಬಾಯಿ ತೆಗೆದದ್ದೇ ತಡ, ಅವನು "ಹರಕೆ ಕಣವ್ವ" ಎಂದುಬಿಟ್ಟ. ಮುದುಕಿಯ ಬಾಯಿ ತಟ್ಟನೆ ಮುಚ್ಚಿತು. ಚಪ್ಪಲಿ ಬಿಟ್ಟು ಕೈ ಮುಗಿದಳು. "ಎಷ್ಟ್ ಸುತ್ತು ಮಗಾ?" ಎಂದು ಪಿಸುಗುಟ್ಟಿದಳು. ಅವನು ಓಡುತ್ತಲೇ ಎರಡು ಬೆರಳು ಎತ್ತಿ ತೋರಿಸಿದ. ಇಷ್ಟು ಸುಲಭದ ಉಪಾಯ ಎಂಟು ತಿಂಗಳು ತಲೆಗೆ ಹೊಳೆಯಲಿಲ್ಲವಲ್ಲ ಎಂದು ನಗುತ್ತ ಮೊದಲ ಸುತ್ತು ಮುಗಿಸಿದ.

ಕೆಳಗೆ ಬಂದರೆ ಹುಣಸೆಮರದಡಿ ಹತ್ತು ಹದಿನೈದು ಜನ ಸೇರಿದ್ದರು. ಗುಡಿಯ ಪೂಜಾರಿ ಮಂಚಯ್ಯ ಅರಿಶಿನದ ಬಟ್ಟಲು ಹಿಡಿದು ಮುಂದೆ ನಿಂತಿದ್ದ.

"ಏನಪ್ಪಾ ಸಣ್ಮುಕಪ್ಪ, ಅರಕೆ ಹೊತ್ಕಂಡು ಬೂಟ್ಸು ಆಕ್ಕಂಡು ಹತ್ತೀಯಲ್ಲ! ಈ ಸುತ್ತು ಲೆಕ್ಕಕ್ಕಿಲ್ಲ. ಬಿಚ್ಚು ಮೊದ್ಲು. ಇನ್ನು ಅನ್ನೊಂದೂ ಬರಿಗಾಲಲ್ಲೇ ಆಗ್ಬೇಕು."

"ಹನ್ನೊಂದಾ? ಎರಡೇ ಅಲ್ವಾ ನಾನು..."

"ನನ್ ಕಣ್ಣಾರೆ ನೋಡಿವ್ನಿ," ಎಂದಳು ಪುಟ್ಟಸಿದ್ದಮ್ಮ. ಮೊಬೈಲು ಒತ್ತಲು ಕಲಿತ ಮೇಲೆ ಅವಳಿಗೆ ಅಂಕಿಗಳ ಮೇಲೆ ಬಹಳ ಹಿಡಿತ. "ಒಂದರ ಪಕ್ಕ ಒಂದು ಬೆಳ್ಳು ಇಟ್ಟು ತೋರ್ಸ್ದ. ಅನ್ನೊಂದಲ್ದೆ ಇನ್ನೇನು?"

"ಎರಡು ಸುತ್ತಿನ ಅರಕೆ ಎಲ್ಲಾದ್ರೂ ಉಂಟಾ? ಅರಕೆ ಅಂದ್ರೆ ಬೆಸ ಇರ್ಬೇಕು," ಎಂದು ಮಂಚಯ್ಯ ತೀರ್ಪು ಕೊಟ್ಟ. "ಅರ್ಧಕ್ಕೆ ಬುಟ್ರೆ ನಿಂಗಲ್ಲ ಕಣಯ್ಯ, ಊರ್ಗೇ ಕೇಡು. ತೀರೋಗಂಟ ಮಾತೂ ಆಡಂಗಿಲ್ಲ."

ನಿಜ ಹೇಳಿಬಿಡೋಣ ಎಂದು ಷಣ್ಮುಖಪ್ಪ ಬಾಯಿ ತೆರೆದ. ಎದುರಿಗಿದ್ದ ಮುಖಗಳಲ್ಲಿ ಅರ್ಧದಷ್ಟನ್ನು ಅವನು ಒಂದಲ್ಲ ಒಂದು ದಿನ ನೀರು ಬೆರೆಸಿದ್ದಕ್ಕೆ ಹಿಡಿದಿದ್ದ. ಟೆಸ್ಟರ್ ದೇವರ ಹೆಸರಿನಲ್ಲೇ ಸುಳ್ಳು ಹೇಳಿದ ಎಂದು ಗೊತ್ತಾದರೆ ನಾಳೆಯಿಂದ ಅವನ ಲ್ಯಾಕ್ಟೋಮೀಟರಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಅಷ್ಟು ಯೋಚಿಸುವುದರೊಳಗೆ ಮಂಚಯ್ಯ ತೆರೆದ ಬಾಯಿಗೆ ಅಡ್ಡವಾಗಿ ಒಂದು ವೀಳ್ಯದೆಲೆ ಕಚ್ಚಿಸಿಬಿಟ್ಟ. ಸದ್ಯ, ಬಾಯಿಬೀಗ ಚುಚ್ಚಲಿಲ್ಲ.

ಎರಡನೇ ಸುತ್ತಿಗೆ ಊರಿನ ಬೀರಮ್ಮ ಒಂದು ತೆಂಗಿನಕಾಯಿ ತಂದಳು. "ಎಂಗೂ ಹತ್ತುತಾ ಇದೀಯಲ್ಲಣ್ಣ, ನಂದೂ ಒಂದು ಒಡಿಸ್ಬುಡು." ಗುಡ್ಡ ಹತ್ತಲಾರದೆ ಕುಳಿತಿದ್ದ ಊರಿಗೆ ಇದು ಹೊಳೆದದ್ದೇ ತಡ, ಮೂರನೇ ಸುತ್ತಿಗೆ ನಾಲ್ಕು ಕಾಯಿ, ಐದನೇ ಸುತ್ತಿಗೆ ಎರಡು ಸೀಸೆ ಎಣ್ಣೆ, ಆರನೇ ಸುತ್ತಿಗೆ ಕಾಲು ಕಟ್ಟಿದ ಒಂದು ಹುಂಜ ಬಂದವು. ಹುಂಜ ದಾರಿಯುದ್ದಕ್ಕೂ ಅವನ ಕಿವಿಯ ಹತ್ತಿರ ಕೂಗುತ್ತಿತ್ತು. ಅದಕ್ಕೆ ಯಾರೂ ಎಲೆ ಕಚ್ಚಿಸಿರಲಿಲ್ಲ. ಇತ್ತ ಹುಣಸೆಮರದಡಿ ಅವನ ಹರಕೆ ಯಾವುದಿರಬಹುದೆಂಬ ಚರ್ಚೆ ಜೋರಾಗಿತ್ತು.

"ಡೈರಿ ಎಲೆಕ್ಷನ್‌ಗೆ ನಿಂತ್ಕತಾನಂತೆ."

"ಅಲ್ಲ ಕಣ್ಲಾ, ಸಕ್ಕರೆ ಕಾಯಿಲೆಯಂತೆ. ಹೆಂಗ್ ಒಣಗೋಗವ್ನೆ ನೋಡು."

"ನಮ್ಮ ಹಾಲಿಗೆ ನೀರು ಅಂತ ಸುಮ್ಸುಮ್ನೆ ಬರೆದ್ನಲ್ಲ, ಆ ಪಾಪ ಕಳ್ಕಳ್ಳಾಕೆ!"

ಏಳನೇ ಸುತ್ತಿಗೆ ಕರಿಯಯ್ಯ ಕೋಲೂರಿಕೊಂಡು ಬಂದ. ಎಪ್ಪತ್ತೆಂಟರ ಮುದುಕ. ಮಂಡಿ ಹೋಗಿ ಒಂಬತ್ತು ವರ್ಷವಾಗಿತ್ತು. ಅವನ ಕೈಯಲ್ಲಿ ಕಾಯಿ ಇರಲಿಲ್ಲ, ಎಣ್ಣೆ ಇರಲಿಲ್ಲ. "ನಂಗೇನೂ ಒತ್ಕೊಂಡೋಗ್ಬೇಡ ಮಗಾ," ಎಂದ. "ಗುಡಿ ಹಿಂದೆ ಒಂದು ಬಂಡೆ ಐತೆ. ಅಲ್ಲಿ ನಿಂತ್ರೆ ಲಕ್ಷ್ಮಣತೀರ್ಥ ಬಿಸಿಲಿಗೆ ಮಿರಮಿರ ಅಂತದೆ. ಒಂದು ಗಳಿಗೆ ನನ್ ಲೆಕ್ಕದಲ್ಲಿ ನಿಂತ್ಕೊಂಡು ಬಾ."

ಷಣ್ಮುಖಪ್ಪ ಬಂಡೆಯ ಮೇಲೆ ನಿಂತ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಹೊಗೆ ಹೊಲಗಳ ಮೇಲೆ ತೇಲುತ್ತಿತ್ತು. ಅದರಾಚೆ, ಬಹಳ ದೂರದಲ್ಲಿ, ಹನಗೋಡಿನ ಕಡೆ ಒಂದು ಗೆರೆಯಷ್ಟು ನೀರು ಹೊಳೆಯಿತು. ಎಂಟು ತಿಂಗಳಲ್ಲಿ ನೂರಾರು ಸಲ ಹತ್ತಿದ್ದರೂ ಮೆಟ್ಟಿಲು ಮುಟ್ಟಿ ಹಿಂದಿರುಗುವ ಅವಸರದಲ್ಲಿ ಅವನು ಇದನ್ನು ಒಮ್ಮೆಯೂ ನೋಡಿರಲಿಲ್ಲ. ಮನುಷ್ಯ ಎಷ್ಟು ಸಣ್ಣದಕ್ಕೆಲ್ಲ ಆಸೆಪಡುತ್ತಾನಲ್ಲ ಎನ್ನಿಸಿ ಅವನ ಕಣ್ಣು ತುಂಬಿತು. ಕರಿಯಯ್ಯನಿಗೆ ಗೆರೆಯಷ್ಟು ನೀರು, ತನಗೆ ಅಂಗೈಯಗಲದ ಕಾಗದ. ಮುದುಕನ ಲೆಕ್ಕದ ಗಳಿಗೆ ಮುಗಿದ ಮೇಲೆ ತನ್ನ ಲೆಕ್ಕದಲ್ಲಿ ಇನ್ನೊಂದು ಗಳಿಗೆ ನಿಂತ.

ಕೆಳಗೆ ಹೆಂಡತಿ ರಾಣಿ ಮಜ್ಜಿಗೆ ಚೊಂಬು ಹಿಡಿದು ಕಾಯುತ್ತಿದ್ದಳು. ಮುಖ ಕೆಂಪಾಗಿತ್ತು.

"ಅಲ್ಲಾ ಕಣ್ರೀ, ಊರ್ಗೆಲ್ಲಾ ಗೊತ್ತಾಗಿ ಕೊನೇಲಿ ನಂಗೆ ಗೊತ್ತಾಗ್ಬೇಕಾ? ಯಾವ ಹರಕೆ ಇದು? ಯಾರಿಗೋಸ್ಕರ?"

ಬಾಯಲ್ಲಿ ಎಲೆ, ಸುತ್ತ ಹದಿನೈದು ಜನ. ಷಣ್ಮುಖಪ್ಪ ತನ್ನ ಎದೆಯ ಮೇಲೆ ಬೆರಳಿನಿಂದ ಒಂದು ಚೌಕ ಬರೆದ. ಐದು ಬೆರಳು ತೋರಿಸಿದ. ಈ ಹಾಳು ಗುಡ್ಡ ನನ್ನನ್ನು ಬಿಡುತ್ತಿಲ್ಲ ಎಂದು ಹೇಳಲು ಗುಡ್ಡದ ಕಡೆ ಕೈ ಮಾಡಿ, ಎರಡೂ ಕೈ ಜೋಡಿಸಿದ. ರಾಣಿ ಅವನನ್ನೇ ದಿಟ್ಟಿಸಿ ನೋಡಿದಳು. ನಿಧಾನವಾಗಿ ಅವಳ ಮುಖದ ಸಿಟ್ಟು ಇಳಿದು ಕಣ್ಣಂಚು ಒದ್ದೆಯಾಯಿತು. "ಗೊತ್ತಾಯ್ತು ಬುಡಿ," ಎಂದು ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ಓಡುನಡಿಗೆಯಲ್ಲಿ ಹೋದಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಂದು ಮಾತೂ ಆಡದೆ ಅವಳು ತನ್ನನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡದ್ದು ಇದೇ ಮೊದಲು ಎಂದು ಅವನಿಗೆ ಹಿಗ್ಗಾಯಿತು.

ಹನ್ನೊಂದನೇ ಸುತ್ತು ಮುಗಿದಾಗ ಮಧ್ಯಾಹ್ನ ಮೂರೂಕಾಲು. ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು, ಮಂಡಿ ಹಳೇ ಗೇಟಿನಂತೆ ಕಿರುಗುಟ್ಟುತ್ತಿತ್ತು. ಮನೆಗೆ ಹೋದರೆ ಬೀಗ. ಹುಡುಕುತ್ತ ನಿಲ್ಲಲು ಹೊತ್ತಿರಲಿಲ್ಲ. ಬೂಟ್ಸಿನೊಳಗೆ ಕಾಲು ತುರುಕಿ, ಹಣೆಯ ಅರಿಶಿನವನ್ನೂ ಒರೆಸದೆ, ಹುಣಸೂರಿಗೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಾಕಿದ.

ಕಲ್ಯಾಣಮಂಟಪ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಬಣ್ಣಬಣ್ಣದ ಬನಿಯನ್ನು ತೊಟ್ಟ ಜನ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೇಜಿನ ಹಿಂದಿದ್ದ ಹುಡುಗಿ ಅವನ ಹೆಸರು ಕೇಳಿ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ನಿಮ್ ನಂಬರ್ ಆಗ್ಲೇ ತಗೊಂಡ್ ಹೋಗಿದಾರೆ ಸರ್. ನಿಮ್ಮ ಮನೆಯವ್ರು. ಫೋನು, ಆಧಾರ್ ಕಾರ್ಡು ಎಲ್ಲಾ ತಂದಿದ್ರು. ಕವರ್ ತಗೊಂಡು ಕಣ್ಣಿಗೊತ್ಕೊಂಡ್ರು ಸರ್! ಜೋಪಾನ ಆಯ್ತಾ, ನಂಬರ್ ಇಲ್ದೆ ಯಾರನ್ನೂ ಓಡೋಕೆ ಬಿಡಲ್ಲ. ಇನ್ನೊಂದು ಕೊಡೋದೂ ಇಲ್ಲ."

ಷಣ್ಮುಖಪ್ಪನಿಗೆ ಖುಷಿಗೆ ಅಲ್ಲೇ ಕುಳಿತು ಅಳಬೇಕೆನಿಸಿತು. ನಂಬರು ಎಷ್ಟೆಂದು ಕೇಳಲು ಬಾಯಿ ತೆರೆದವನು ಬೇಡವೆಂದುಕೊಂಡ. ಮನೆಗೆ ಹೋಗಿ ಕಣ್ಣಾರೆ ನೋಡಬೇಕು, ರಾಣಿಯ ಕೈಯಿಂದಲೇ ಪಿನ್ನು ಹಾಕಿಸಿಕೊಳ್ಳಬೇಕು. ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬೊಕ್ಕೆಗಾಲಿನ ಮೇಲೆ ನಿಂತುಕೊಂಡೇ ಅವನು ದಾರಿಯುದ್ದಕ್ಕೂ ನಗುತ್ತ ಬಂದ.

ಮನೆಯಲ್ಲಿ ದೀಪ ಹೊತ್ತಿತ್ತು. ರಾಣಿ ಹೊಸ ಸೀರೆ ಉಟ್ಟು, ತಲೆಗೆ ಹೂ ಮುಡಿದು ಅಕ್ಕಿ ಪಾಯಸ ಮಾಡಿದ್ದಳು.

"ಎಲ್ಲೇ ಅದು?" ಎಂದ ಹೊಸ್ತಿಲಲ್ಲೇ.

"ಯಾವುದು?"

"ನಂಬರು ಕಣೇ!"

"ಓ, ಅದಾ? ಒಪ್ಪಿಸ್ಬುಟ್ಟು ಬಂದೆ."

"ಯಾರಿಗೆ?"

"ಇನ್ಯಾರ್ಗೆ? ಗುಡ್ಡದಯ್ಯಂಗೆ." ರಾಣಿ ಪಾಯಸ ಬಡಿಸುತ್ತ ಹೇಳತೊಡಗಿದಳು. "ಎದೆ ಮೇಲೆ ಚೌಕ ಬರ್ದು, ಗುಡ್ಡದ ಕಡೆ ತೋರ್ಸಿ ಕೈ ಮುಗ್ದ್ರಲ್ಲ, ಆಗ್ಲೇ ಗೊತ್ತಾಯ್ತು ನಂಗೆ. ಎಂಟು ತಿಂಗಳಿಂದ ನಿದ್ದೇಲೂ ನಂಬರು ನಂಬರು ಅಂತ ಕನವರಿಸ್ತಿದ್ರಿ. ಅದು ಸಿಕ್ರೆ ನಿಂಗೇ ಒಪ್ಪಿಸ್ತೀನಿ ಅಂತ ಹೊತ್ಕೊಂಡವ್ರೆ ಪಾಪ ಅಂತ, ಫೋನ್ ತಗ್ದು ಮೆಸೇಜ್ ಓದ್ಕಂಡು ಹುಣಸೂರಿಗೆ ಓಡ್ದೆ. ನೀವು ಬಸ್ಸು ಹತ್ತಿದ್ದೇ ನಾನು ಇಳ್ದದ್ದು ಅನ್ಸ್ತದೆ. ಅರಿಶಿನದ ಬಟ್ಟೇಲಿ ಕಟ್ಟಿ, ಮಂಚಯ್ಯನ ಕೈಲಿ ಮಂಗಳಾರತಿ ಮಾಡ್ಸಿ, ಹುಂಡಿಗೆ ಹಾಕ್ದೆ. ಆ ಸಂದೀಲಿ ಹೋಗ್ಲೇ ಇಲ್ಲ ಕಣ್ರೀ! ಮಂಚಯ್ಯ ಕಡ್ಡೀಲಿ ತಳ್ಳಿ ತಳ್ಳಿ ಒಳಗೆ ಕೆಡವ್ದ."

ಹುಂಡಿಗೆ ಎರಡು ಬೀಗ. ಒಂದರ ಕೀಲಿ ಊರಿನಲ್ಲಿ, ಇನ್ನೊಂದರದು ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಯಲ್ಲಿ. ಎರಡೂ ಸೇರುವುದು ಶಿವರಾತ್ರಿಯ ಮಾರನೇ ದಿನ, ಅದಕ್ಕೆ ಇನ್ನೂ ಆರು ತಿಂಗಳು ಬಾಕಿ. ಷಣ್ಮುಖಪ್ಪ ಗೋಡೆಗೊರಗಿ ಕುಳಿತ. ಬೈಯಬೇಕೆಂದು ಮುಖವೆತ್ತಿದರೆ ರಾಣಿಯ ಕಾಲಿನಲ್ಲೂ ಗುಡ್ಡದ ಕೆಮ್ಮಣ್ಣು ಮೆತ್ತಿತ್ತು. ಅವಳೂ ಬರಿಗಾಲಲ್ಲೇ ಹತ್ತಿದ್ದಳು.

"ಸರಿಯಾಗೇ ಮಾಡ್ದೆ ಬುಡು," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ನಂಬರು ಎಷ್ಟಿತ್ತು?"

"ದೇವ್ರ ಸಾಮಾನು ಬಿಚ್ಚಿ ನೋಡ್ತಾರಾ ಯಾರಾದ್ರೂ? ಕವರ್ ಸಮೇತ ಹಾಕ್ದೆ." ರಾಣಿ ಪಾಯಸದ ಲೋಟ ಅವನ ಕೈಗಿಟ್ಟು ಪಕ್ಕದಲ್ಲಿ ಕುಳಿತಳು. "ಅದ್ಸರಿ, ನಾಳೆ ನಾನೂ ಬತ್ತೀನಿ ಕಣ್ರೀ. ಇಷ್ಟು ದಿನ ಬೈಕೊಂಡೇ ಕಳಿಸ್ದೆ, ನೀವು ಓಡೋದು ಒಂದ್ಸಲನೂ ನೋಡ್ಲಿಲ್ಲ. ಅಲ್ಲಿ ಮೈಕಲ್ಲಿ ನಿಮ್ ಹೆಸ್ರು ಹೇಳ್ತಾರಂತಲ್ಲ, ಅದನ್ನ ಕೇಳ್ಬೇಕು ನಾನು. ಎಷ್ಟೊತ್ತಿಗೆ ಹೊರಡ್ಬೇಕು?"

ಷಣ್ಮುಖಪ್ಪ ನಂಬರಿಲ್ಲದ ಎದೆಯನ್ನೊಮ್ಮೆ ಸವರಿಕೊಂಡು ಒಂದು ಗುಟುಕು ಪಾಯಸ ಕುಡಿದ.

"ನಾಲ್ಕೂವರೆಗೆ," ಎಂದ.