ಗೋಡೆಯ ಹಾವಸೆ, ಪವಾಯಿಯ ಮಂಗ

ಮುಂಬಯಿಯಲ್ಲಿ ಜೀವಶಾಸ್ತ್ರ ಕಲಿಸುವವನಿಗೆ ಇಂಥ ಪೇಚುಗಳು ತಪ್ಪುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ದಾದರ್‌ನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಇವೆಲ್ಲ ಒಂದೇ ಬೇಸಿಗೆಯಲ್ಲಿ ನಡೆದವು.

೧. ಉತ್ತರ ಪತ್ರಿಕೆ

ಹಾವಸೆಯನ್ನೂ ಮಂಗವನ್ನೂ ಕೋಷ್ಟಕ ಹಾಕಿ ಹೋಲಿಸಿ ಎಂದು ಪ್ರಶ್ನೆ ಕೊಟ್ಟಿದ್ದೆ. ಹಾವಸೆ ಸಸ್ಯ, ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಮಂಗ ಬೆನ್ನೆಲುಬುಳ್ಳ ಸಸ್ತನಿ, ನಮ್ಮದೇ ಗಣದ್ದು. ಕೊನೆಯ ಸಾಲು, ಸಂರಕ್ಷಣೆಯ ಸ್ಥಿತಿ. ಉಡುಪಿ ಕಡೆಯ ಹೋಟೆಲಿನವರ ಮಗಳೊಬ್ಬಳು ಮಂಗಕ್ಕೆ ‘ಕಾಯ್ದೆಯ ರಕ್ಷಣೆ ಇದೆ’ ಎಂದು ಸರಿಯಾಗಿಯೇ ಬರೆದಿದ್ದಳು. ಹಾವಸೆಗೆ ‘ಅಳಿವಿನ ಅಂಚಿನಲ್ಲಿದೆ’ ಎಂದಿದ್ದಳು. ಕೆಂಪು ಗೀಟು ಹಾಕಿದೆ. ಅವಳು ಪತ್ರಿಕೆ ಹಿಡಿದು ನನ್ನ ಮೇಜಿನ ಬಳಿಗೇ ಬಂದಳು.

“ಶಾಲೆಯ ಹಿಂದೆ, ಪೈಪು ಸೋರುವ ಗೋಡೆಯಲ್ಲಿ ಮಾತ್ರ ಉಂಟು ಸರ್. ದಾದರಿನಲ್ಲಿ ಈಗ ಬೇರೆ ಎಲ್ಲಿ ಉಂಟು, ತೋರಿಸಿ.”

ಒಣಗಿದ ಗೋಡೆಗಳನ್ನು ಎರಡು ದಿನ ನೋಡುತ್ತ ತಿರುಗಿದೆ. ಮೂರನೆಯ ದಿನ ಅವಳ ಅಂಕ ವಾಪಸು ಕೊಟ್ಟೆ.

೨. ಗೋಡೆ

ಮರುವಾರವೇ ಪೈಪು ರಿಪೇರಿಗೆ ವಿಜಾಪುರ ಕಡೆಯ ಗಾರೆ ಕೆಲಸದವನು ಬಂದ. ಒಳ್ಳೆಯ ಕೆಲಸಗಾರ. ಹೋಗುವ ಮುಂಚೆ ತಂತಿ ಬ್ರಶ್ಶಿನಿಂದ ಗೋಡೆಯನ್ನೂ ಉಜ್ಜಿ ಸುಣ್ಣ ಬಳಿದ. ಮಕ್ಕಳು ವರ್ಷವಿಡೀ ಭೂತಗನ್ನಡಿ ಹಿಡಿದು ನೋಡಿದ್ದ ಹಾವಸೆ ಅದು. ಆ ಹುಡುಗಿ ಬಿಳಿ ಗೋಡೆಯ ಮುಂದೆ ನಿಂತು ಸದ್ದಿಲ್ಲದೆ ಅಳುತ್ತಿದ್ದಳು.

“ಅದೂ ಒಂದು ಜೀವ ಕಣಪ್ಪ. ಮಂಗ ಹೇಗೋ ಹಾಗೇ,” ಅಂದೆ ನಾನು.

ಅವನು ನಿಜವಾಗಿ ನೊಂದುಕೊಂಡ. “ತಪ್ಪಾತ್ರಿ ಸರ. ಮಂಗ್ಯಾ ಆಗಿದ್ರ ಬ್ರಶ್ ನೋಡಿ ಓಡಿ ಹೋಗತಿತ್ತು. ಇದು ಸುಮ್ನ ಕುಂತಿತ್ರಿ.”

ಪುಸ್ತಕದಲ್ಲಿಲ್ಲದ ಆ ವ್ಯತ್ಯಾಸವನ್ನು ಮರುದಿನ ಬೋರ್ಡಿನ ಮೇಲೆ ಬರೆದೆ.

೩. ಪವಾಯಿ

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು, ಹಾವಸೆ ಬೇಕೇಬೇಕು. ಭಾನುವಾರ ಆ ಹುಡುಗಿಯನ್ನೂ ಇನ್ನು ನಾಲ್ಕು ಮಕ್ಕಳನ್ನೂ ಕರೆದುಕೊಂಡು ಪವಾಯಿ ಕೆರೆಗೆ ಹೋದೆ. ನೀರು ಜಿನುಗುವ ಕಲ್ಲಿನಿಂದ ಅಂಗೈಯಗಲ ಬಿಡಿಸಿ ನನ್ನ ಊಟದ ಡಬ್ಬಿಯಲ್ಲಿಟ್ಟೆ. ಮರದಿಂದಿಳಿದ ಮಂಗವೊಂದು ಡಬ್ಬಿ ಕಿತ್ತುಕೊಂಡು ಮೇಲೇರಿತು. ಮುಚ್ಚಳ ತೆಗೆದು ಮೂಸಿತು. ಇದೇನಾ ನಿನ್ನ ಊಟ ಎಂಬಂತೆ ನನ್ನನ್ನು ಮರುಕದಿಂದ ನೋಡಿತು. ನಾನು ಕಲ್ಲೆತ್ತಿಕೊಂಡೆ.

“ಸಾಹೇಬ್, ಕಲ್ಲು ಕೆಳಗಿಡಿ,” ಅಲ್ಲಿನ ಕಾಡಿನ ಕಾವಲುಗಾರ ಮರಾಠಿಯಲ್ಲಿ ಹೇಳಿದ. “ಮಂಗಕ್ಕೆ ಕಾಯ್ದೆ ಇದೆ.”

“ಡಬ್ಬಿಯಲ್ಲಿರುವ ಹಾವಸೆಗೆ?”

“ಅದಕ್ಕೂ ಇದೆ. ಇಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಕೀಳುವಂತಿಲ್ಲ. ಕಿತ್ತವರು ಯಾರು?”

ಮಕ್ಕಳೆದುರು ಸುಳ್ಳು ಹೇಳುವಂತಿಲ್ಲ. ನಿಜ ಹೇಳಿದರೆ ಚೌಕಿಗೆ ನಡೆಯಬೇಕು.

ಹುಡುಗಿ ಬಹಳ ಗಂಭೀರವಾಗಿ ಮರದ ಕಡೆ ಬೆರಳು ತೋರಿಸಿ, ಅವನದೇ ಮರಾಠಿಯಲ್ಲಿ ಹೇಳಿದಳು: “ಮಾಲು ಇನ್ನೂ ಅದರ ಕೈಯಲ್ಲೇ ಇದೆಯಲ್ಲ?”