ಫಾರಿನ್ ಗಾಡಿಯ ಹಿಂಬಾಗಿಲು

ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಕಾಗದಪತ್ರ ತಿರುವಿದವನಿಗೆ ಒಂದು ಗಾಡಿ ನೋಡಿ ಕೊಳ್ಳುವುದು ಯಾವ ಮಹಾ ಕೆಲಸ ಎಂಬ ಧೈರ್ಯದಿಂದ ನಾನು ಆ ಫಾರಿನ್ ಜೀಪನ್ನು ಕೊಂಡೆ. ಜೀಪು ಎಂದರೆ ಅದಕ್ಕೆ ಅವಮಾನ, ಅದು ಚಕ್ರವಿದ್ದ ಅರಮನೆ. ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಕೆಲಸಕ್ಕಿದ್ದ ವಿಶಾಖಪಟ್ಟಣಕ್ಕೆ ಯಾವುದೋ ಕಾಮಗಾರಿಗೆ ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವ ಮುನ್ನ ಅದನ್ನು ಮಾರಿಹೋದ. ಅಂಥ ಗಾಡಿ ನನ್ನಂಥವನ ಕೈಗೆಟುಕುವಷ್ಟು ಕೆಳಗಿಳಿದು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೊದಲ ದಿನ ಆ ತೊಗಲಿನ ಸೀಟು, ಗುಂಡಿ ಒತ್ತಿದರೆ ಏರಿಳಿಯುವ ಗಾಜು ನೋಡಿ ನಾನು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹತ್ತಿದೆನಂತೆ. ಇದು ನನಗೇ ನೆನಪಿರುವುದೋ, ಹೆಂಡತಿ ಸುಧಾ ಹೇಳಿ ಹೇಳಿ ನನ್ನ ನೆನಪಾಗಿಬಿಟ್ಟದ್ದೋ, ಈಗ ಆಣೆ ಮಾಡಿ ಹೇಳಲಾರೆ.

ಮೂರು ತಿಂಗಳಲ್ಲಿ ಅರಮನೆಯ ಗುಣಗಳು ಹೊರಬಿದ್ದವು. ಇಳಿದ ಗಾಜು ಏರಲಿಲ್ಲ. ಏಸಿ ಗಾಳಿಯ ಬದಲು ನೀರು ಬಿಡತೊಡಗಿತು, ಅದೂ ಮುಂದೆ ಕೂತವರ ಪಾದಕ್ಕೆ. ಸ್ಟೀರಿಂಗಿನ ಮುಂದೆ ಒಂದು ಕೆಂಪು ದೀಪ ಹೊತ್ತಿಕೊಂಡು ಆರಲೇ ಇಲ್ಲ. ಅದು ಯಾವ ಅಪಾಯದ ಸೂಚನೆ ಎಂದು ಬಲ್ಲವರು ಆ ಊರಿನಲ್ಲಿರಲಿಲ್ಲ. ಪಕ್ಕದ ಪೆಂಡುರ್ತಿಯ ಮೆಕ್ಯಾನಿಕ್ ಅಪ್ಪಲರಾಜು ಬಾನೆಟ್ ಎತ್ತಿ, ಎರಡು ನಿಮಿಷ ಸುಮ್ಮನೆ ನೋಡಿ, ಮೆಲ್ಲಗೆ ಮುಚ್ಚಿ ಕೈ ಮುಗಿದ. ಸಿಂಹಾಚಲದ ಗರ್ಭಗುಡಿಯ ಎದುರಲ್ಲೂ ಅವನು ಅಷ್ಟು ಭಕ್ತಿಯಿಂದ ನಿಂತಿರಲಾರ.

ಹೀಗಿರುವಾಗ, ಗಾಡಿ ತಯಾರಿಸಿದ ಕಂಪನಿಯಿಂದ ಹಳೆಯ ಮಾಲೀಕನ ಕೈ ದಾಟಿ ನನಗೊಂದು ಪತ್ರ ಬಂತು. ಈ ಮಾದರಿಯ ಗಾಡಿಗಳ ಎಡಗಡೆಯ ಹಿಂಬಾಗಿಲಿನ ಚಿಲಕವನ್ನು ತಾವು ಸರಿಯಾಗಿ ಮಾಡಿಲ್ಲವೆಂದೂ, ಓಡುವಾಗ ಬಾಗಿಲು ತಾನೇ ತೆರೆದುಕೊಳ್ಳಬಹುದೆಂದೂ, ಎಲ್ಲ ಗಾಡಿಗಳನ್ನೂ ಕರೆಸಿ ಬಿಟ್ಟಿಯಾಗಿ ಹೊಸ ಚಿಲಕ ಹಾಕಿಕೊಡುತ್ತೇವೆಂದೂ ಅದರಲ್ಲಿತ್ತು. ನಮ್ಮ ಕಡೆಯವರಿಗಾಗಿ ಮದ್ರಾಸಿನ ಎಂಜಿನಿಯರೊಬ್ಬರು ಮುಂದಿನ ತಿಂಗಳು ವಿಜಯವಾಡದ ಹೋಟೆಲೊಂದರ ಅಂಗಳಕ್ಕೆ ಬರುವವರಿದ್ದರು. ಜೊತೆಗಿದ್ದ ಕಾರ್ಡು ತುಂಬಿ ಕಳಿಸಬೇಕಿತ್ತು.

ನಾನು ದಂಗಾದೆ. ತಮ್ಮ ತಪ್ಪನ್ನು, ಯಾರೂ ಕೇಳದೆ, ತಾವೇ ಬರೆದು, ಸಹಿ ಮಾಡಿ, ಸಮುದ್ರದಾಚೆಯಿಂದ ಕಳಿಸಿದ್ದರು! ನಮ್ಮ ಬ್ಯಾಂಕಿನಲ್ಲಿ ಆಡಿಟ್‌ನವರು ಎತ್ತಿದ ಆಕ್ಷೇಪಣೆ ಎಂಥದ್ದೇ ಇರಲಿ, ಎದುರಿಗೆ 'ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿ ಮೊಹರು ಒತ್ತುವುದು ರೂಢಿ. ಲಾಕರ್ ಕೋಣೆಯ ಬಲ್ಬು ಉರಿಯುತ್ತಿಲ್ಲ ಎಂಬ ಆಕ್ಷೇಪಣೆಯನ್ನು ನಾನೇ ಮೂರು ವರ್ಷ ಸರಿಪಡಿಸಿದ್ದೆ. ನಾಲ್ಕನೆಯ ವರ್ಷವೂ ನಾವು ಟಾರ್ಚು ಹಿಡಿದೇ ಒಳಗೆ ಹೋಗುತ್ತಿದ್ದೆವು.

ಪತ್ರವನ್ನು ಆಫೀಸಿಗೆ ಒಯ್ದು ಎಲ್ಲರಿಗೂ ಓದಿ ಹೇಳಿದೆ. ಮ್ಯಾನೇಜರು ಎರಡು ಸಲ ಓದಿ, ಇದರಲ್ಲೇನೋ ಮೋಸವಿದೆ, ಯಾರೂ ಹೀಗೆಲ್ಲ ಒಪ್ಪಿಕೊಳ್ಳುವುದಿಲ್ಲ ಎಂದರು. ಕಾರ್ಡು ನನ್ನ ಮೇಜಿನ ಮೇಲಿತ್ತು. ಕಾರ್ಡನ್ನು ತುಂಬಿ ಅಂದೇ ಅಂಚೆಗೆ ಹಾಕಿಸಿದೆ.

ಆ ಹೊತ್ತಿಗೆ ಧಾರವಾಡದಿಂದ ಮಾವನವರು ಬಂದಿದ್ದರು. ನಿವೃತ್ತ ಹೆಡ್‌ಮಾಸ್ತರರು. ಸಿಂಹಾಚಲದ ನರಸಿಂಹನನ್ನು ನೋಡಿಯಾಗಿತ್ತು, ಮಂಗಳಗಿರಿಯ ನರಸಿಂಹನೂ ಆಗಬೇಕೆಂದರು. ಮಂಗಳಗಿರಿ ವಿಜಯವಾಡಕ್ಕೆ ಹತ್ತಿರವೇ. ಚಿಲಕವೂ ಆಯಿತು, ದರ್ಶನವೂ ಆಯಿತು ಎಂದು ನಾನು ಘೋಷಿಸಿದೆ.

"ಅಪ್ಪಗ ಎಪ್ಪತ್ತಾಗೇದ್ರೀ," ಎಂದಳು ಸುಧಾ. "ಆ ಬಾಗಲಾ ನಡುವ ತಗದ್ರ ಏನ್ ಮಾಡ್ತೀರಿ?"

ಅದಕ್ಕೆ ನನ್ನ ಬಳಿ ತಾಂತ್ರಿಕ ಪರಿಹಾರವಿತ್ತು. ಎಡಗಡೆಯ ಹಿಂಬಾಗಿಲ ಒಳಹಿಡಿಕೆಯಿಂದ ಬಲಗಡೆಯ ಹಿಡಿಕೆಗೆ ಬಿಗಿಯಾಗಿ ಒಂದು ಹಗ್ಗ ಕಟ್ಟಿದೆ. ಮಾವನವರನ್ನು ಮುಂದೆ ಕೂರಿಸಿದೆ. ಹಿಂದೆ ಸುಧಾ ಎದೆಯೆದುರಿನ ಹಗ್ಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಕುಳಿತಳು. ಸುಮಾರು ಇನ್ನೂರು ಕಿಲೋಮೀಟರು ಆ ಕೈ ಕೆಳಗಿಳಿಯಲಿಲ್ಲ.

ರಾಜಮಂಡ್ರಿಯಲ್ಲಿ ಮಾವನವರು ಗೋದಾವರಿ ಸ್ನಾನ ಮಾಡಿದರು. ಒದ್ದೆ ಪಂಚೆ ಒಣಗಬೇಕಲ್ಲ? ಸುಧಾ ಅದನ್ನು ಅದೇ ಹಗ್ಗದ ಮೇಲೆ ಹರವಿದಳು. ಗಾಜು ಏರದ ಕಿಟಕಿಗಳಿಂದ ಗಾಳಿ ನುಗ್ಗಿ ಪಂಚೆ ಹೊರಗೆ ಹಾರಾಡತೊಡಗಿತು. ಮುಂದೆ ಮಾವನವರ ಪಾದಕ್ಕೆ ಏಸಿಯ ನೀರು ತೊಟ್ಟಿಕ್ಕುತ್ತಿತ್ತು, ಅವರು ಪಾದವನ್ನು ಮೇಲೆತ್ತಿ ಪದ್ಮಾಸನ ಹಾಕಿದರು. ದಾರಿಯುದ್ದಕ್ಕೂ ಜನ ನಿಂತು ನಮ್ಮನ್ನು ನೋಡಿದರು. ಯಾವುದೋ ಮಠದ ಸ್ವಾಮಿಗಳು ಎಂದುಕೊಂಡಿರಬೇಕು, ಕೆಲವರು ನಮಸ್ಕಾರವನ್ನೂ ಮಾಡಿದರು. ಮಾವನವರು ಆಶೀರ್ವದಿಸಿದರು ಎಂದು ನನ್ನ ನೆನಪು. ಸುಧಾ ಇದನ್ನು ಒಪ್ಪುವುದಿಲ್ಲ.

ವಿಜಯವಾಡದ ಹೋಟೆಲಿನ ಅಂಗಳದಲ್ಲಿ ನಮ್ಮದರಂಥದ್ದೇ ಇನ್ನೊಂದು ಗಾಡಿ ನಿಂತಿತ್ತು, ಒಬ್ಬ ಮೆಣಸಿನಕಾಯಿ ವ್ಯಾಪಾರಿಯದು. ಅದಕ್ಕೆ ಆಗಲೇ ಹೊಸ ಚಿಲಕ ಕೂತು, ಬಾಗಿಲು ಎಷ್ಟು ಮೃದುವಾಗಿ ಮುಚ್ಚಿಕೊಳ್ಳುತ್ತಿತ್ತೆಂದರೆ, ನನಗೆ ಕಣ್ಣು ತುಂಬಿಬಂತು. ಎಂಜಿನಿಯರು ನನ್ನ ಗಾಡಿಯ ನಂಬರನ್ನು ಪಟ್ಟಿಯಲ್ಲಿ ಹುಡುಕಿ, ನಿಮ್ಮದು ಆಗಲೇ ಸರಿಯಾಗಿದೆಯಲ್ಲ ಸಾರ್ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ನಕ್ಕು ಹಗ್ಗ ತೋರಿಸಿದೆ. ಅವರು ನಗದೆ ಒಂದು ಕಾರ್ಡು ತೋರಿಸಿದರು.

ನನ್ನದೇ ಕಾರ್ಡು. 'ದುರಸ್ತಿ ಆಗಬೇಕಿದೆ', 'ದುರಸ್ತಿ ಮುಗಿದಿದೆ' ಎಂಬ ಎರಡು ಚೌಕಗಳಲ್ಲಿ ಎರಡನೆಯದಕ್ಕೆ ಗುರುತು. ಕೆಳಗೆ ನನ್ನ ಸಹಿ. ಸಹಿಯ ಮೇಲೆ ಬ್ಯಾಂಕಿನ ಗುಂಡು ಮೊಹರು.

ಗುರುತು ಹಾಕಿದ್ದು ನನಗೆ ಇವತ್ತಿಗೂ ನೆನಪಿಲ್ಲ. ಆದರೆ ಆ ಮೊಹರನ್ನು ಅಷ್ಟು ನೇರವಾಗಿ ಒತ್ತುವವನು ನಮ್ಮ ಶಾಖೆಯಲ್ಲಿ ನಾನೊಬ್ಬನೇ.

ನನ್ನ ಹೆಸರಿನ ಚಿಲಕ ಮದ್ರಾಸಿನಿಂದ ಹೊರಟೇ ಇರಲಿಲ್ಲ. ಎಂಜಿನಿಯರು ಒಳ್ಳೆಯವರು. ಕಾರ್ಡಿನಲ್ಲಿ ಹೇಳಿದ್ದು ಸುಳ್ಳು ಎಂದು ಒಂದು ಸಾಲು ಬರೆದುಕೊಡಿ, ತರಿಸಿ ನಾನೇ ಬಂದು ಹಾಕುತ್ತೇನೆ ಎಂದರು. ಒಂದೇ ಸಾಲು! ಕೂತು ಬರೆದೆ: 'ಸದರಿ ವಿಷಯದಲ್ಲಿ ಅನವಧಾನದಿಂದ ವ್ಯತ್ಯಾಸ ಸಂಭವಿಸಿರುವುದು ಕಂಡುಬಂದಿರುತ್ತದೆ.' ಇಂಗ್ಲಿಷಿನಲ್ಲಿ ಅದು ಇನ್ನೂ ಭವ್ಯವಾಗಿತ್ತು. ಅವರು ಓದಿ, ಹಾಗಾದರೆ ಬಾಗಿಲು ಸರಿಯಿದೆಯೋ ಇಲ್ಲವೋ ಎಂದು ಕೇಳಿದರು. ಎರಡನೆಯ ಸಲ ಬರೆದೆ. ಮೂರನೆಯದರಲ್ಲಿ ತಪ್ಪು ಹೇಗೋ ಅಂಚೆ ಇಲಾಖೆಯ ಕಡೆಗೆ ಹೊರಳಿತು.

ಮಾವನವರು ಹಿಂದಿನಿಂದ ಬಗ್ಗಿ ಓದಿದರು. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆ ತಿದ್ದಿದ ಕೈ ನನ್ನ ಪೆನ್ನನ್ನು ತೆಗೆದುಕೊಂಡಿತು. ಮೂರೂ ಸಾಲುಗಳಿಗೆ ಅಡ್ಡಗೆರೆ ಬಿತ್ತು.

"ಬಾಗಲಾ ನೋಡಲಾರದ ಸಹಿ ಮಾಡೀನಿ ಅಂತ ಬರೀರಿ, ಅಳಿಯಂದ್ರ. ಅಷ್ಟ ಸಾಕು."

ಬರೆದೆ. ಸಹಿ ಹಾಕಿದೆ. ಇಪ್ಪತ್ತು ವರ್ಷದಲ್ಲಿ ನಾನು ಸಹಿ ಹಾಕಿದ ಮೊದಲ ನಿಜ ಅದಿರಬೇಕು. ಆಕಾಶ ತಲೆಯ ಮೇಲೆ ಬೀಳಲಿಲ್ಲ, ಯಾರೂ ಸಸ್ಪೆಂಡ್ ಮಾಡಲಿಲ್ಲ. ಎಂಜಿನಿಯರು ಥ್ಯಾಂಕ್ಸ್ ಎಂದು ಹೇಳಿ ಕಾಗದ ಮಡಚಿ ಫೈಲಿಗೆ ಸೇರಿಸಿದರು. ನಾನು ಬೆರಗಾಗಿ ನೋಡುತ್ತ ನಿಂತೆ.

"ಬರೀ ಕಾಗದದ ಮ್ಯಾಲೆ ಬಾಗಲಾ ಗಟ್ಟಿ ಆಗಂಗಿಲ್ಲ," ಎಂದಳು ಸುಧಾ. "ನಾನೂ ಅಪ್ಪಾನೂ ಮಂಗಳಗಿರಿ ಮುಗಿಸಿ ರೈಲಿಗೆ ಬರ್ತೀವಿ. ನೀವು ಹಗ್ಗಾ ಹಿಡಕೊಂಡು ಬರ್ರಿ."

ಅವರು ಆಟೋ ಹತ್ತಿ ಹೋದರು. ನಾನು ಅರಮನೆಯಲ್ಲಿ ಒಬ್ಬನೇ ಮರಳಿದೆ. ತುನಿ ಎಂಬ ಊರು ದಾಟಿದ ಮೇಲೆ ಒಂದು ಗುಂಡಿಗೆ ಇಳಿದೆದ್ದಾಗ ಬಾಗಿಲು ತೆರೆದುಕೊಂಡಿತು, ಹಗ್ಗ ತಡೆಯಿತು. ಸುಧಾ ಕೂತಿದ್ದ ಜಾಗ ಖಾಲಿಯಿತ್ತು. ಗಾಡಿ ನಿಲ್ಲಿಸಿ, ಹಿಂದೆ ಹೋಗಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ಎಂಜಿನಿಯರು ಹೇಳಿದಂತೆಯೇ ಬಂದು ಚಿಲಕ ಹಾಕಿಹೋದರು.

ಇದನ್ನು ಬರೆಯುವ ಮುನ್ನ ನನ್ನ ನೆನಪನ್ನು ನಂಬದೆ ಆ ವರ್ಷದ ಡೈರಿ ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ಇಷ್ಟೇ ಇದೆ: 'ವಿಜಯವಾಡ ಪ್ರಯಾಣ. ಗಾಡಿ ಸುಸ್ಥಿತಿಯಲ್ಲಿದೆ. ಎಲ್ಲರೂ ಸಂತೋಷ.'

ಕೆಳಗೆ ಸಹಿಯೂ ಇದೆ.