ರಿಯಾಕ್ಟರಿನ ಹಿಂದಿನ ಹಸಿರು ಪೊಟ್ಟಣ

ತೈವಾನಿನ ಗಾಂಗ್‌ಶಾನ್‌ನಲ್ಲಿರುವ ಆ ಸ್ಕ್ರೂ ಕಾರ್ಖಾನೆಯ ತೊಳೆಯುವ ಯಂತ್ರ ವಾರದಲ್ಲಿ ಒಂಬತ್ತನೆಯ ಸಲ ನಿಂತಾಗ, ಎಲ್ಲರೂ ಗುರಾಯಿಸಿದ್ದು ಯಂತ್ರವನ್ನಲ್ಲ, ಎಲೆಕ್ಟ್ರಿಷಿಯನ್ ಆ-ಖುನ್‌ನನ್ನು. ಊರಿನ ಯಾವ ಕಾರ್ಖಾನೆಗೆ ಹೋದರೂ ಯಂತ್ರದ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ಕೂತಿರುತ್ತದೆ. ಅದಿದ್ದರೆ, ಅದರ ಮೇಲೆ ಅಚ್ಚಾದ ಅವಧಿ ಮುಗಿಯುವ ತನಕ ಯಂತ್ರ ಹೇಳಿದ ಮಾತು ಕೇಳುತ್ತದಂತೆ. ಇಪ್ಪತ್ತೆರಡು ವರ್ಷದಿಂದ ಆ-ಖುನ್ ತನ್ನ ಯಂತ್ರಗಳ ಮೇಲೆ ಅದನ್ನು ಇಡಗೊಟ್ಟಿರಲಿಲ್ಲ.

ಹೆಂಡತಿಗೆ ಪೆಂಗ್‌ಹು ದ್ವೀಪ ತೋರಿಸುತ್ತೇನೆಂದು ಅವನು ಮಾತು ಕೊಟ್ಟು ಏಳು ವರ್ಷವಾಗಿತ್ತು. ಅಂತೂ ನಾಳೆ ಬೆಳಗ್ಗೆ ಹಡಗು. ಆದರೆ ಕಾರ್ಖಾನೆಯ ಯಜಮಾನಿ ಷರತ್ತು ಹಾಕಿದ್ದರು: ಇವತ್ತು ಮಧ್ಯಾಹ್ನ ಒಂದರಿಂದ ಐದರವರೆಗೆ ಯಂತ್ರ ನಿಲ್ಲದೆ ಓಡಿದರೆ ರಜೆ, ನಿಂತರೆ ಇಲ್ಲ.

“ಒಂದು ಪೊಟ್ಟಣ ಇಟ್ಬಿಡೋ, ನಿನ್ ಗಂಟೇನು ಹೋಗುತ್ತೆ?” ಎಂದಳು ಪ್ಯಾಕಿಂಗ್ ವಿಭಾಗದ ಮೇಯ್-ಚಿನ್ ಚಿಕ್ಕಮ್ಮ.

“ಸತ್ರೂ ಇಡಲ್ಲ ಚಿಕ್ಕಮ್ಮ. ಇದಕ್ಕೆ ಬೇಕಾಗಿರೋದು ರಿಯಾಕ್ಟರು, ಕುರುಕಲು ತಿಂಡಿ ಅಲ್ಲ.”

ಅವನ ಮಾತು ಸರಿಯೇ. ಮೋಟರಿನ ವೇಗ ಹಿಡಿದಿಡುವ ಡ್ರೈವ್ ಒಂದು ಮೂಲೆಯಲ್ಲಿ, ಮೋಟರು ಎಂಬತ್ತು ಮೀಟರಿನಾಚೆ. ಅಷ್ಟುದ್ದದ ಕೇಬಲ್ಲಿನಲ್ಲಿ ಕರೆಂಟು ಮಂಗನ ಹಾಗೆ ಕುಣಿದು, ಡ್ರೈವ್ ಬೆದರಿ ನಿಲ್ಲುತ್ತಿತ್ತು. ನಡುವೆ ತಾಮ್ರದ ಸುರುಳಿಯ ರಿಯಾಕ್ಟರ್ ಇದ್ದರೆ ಕುಣಿತ ಅಡಗುತ್ತದೆ. ಆದರೆ ಅದನ್ನು ಆರಿಸಿ ತಂದವನು ಯಜಮಾನಿಯ ತಮ್ಮ. ಡ್ರೈವಿನ ಪೆಟ್ಟಿಗೆಯೊಳಗೆ ಹಿಡಿಸಲಿ ಎಂದು ಚಿಕ್ಕದನ್ನೇ ತಂದು, ಬೇಡವೆಂದರೂ ಕೇಳದೆ ಅದನ್ನೇ ಹಾಕಿಸಿದ. ಇವತ್ತು ಬೆಳಗ್ಗೆ ಹತ್ತೂವರೆಗೆಲ್ಲ ಅದು ಹೆಂಚಿನಂತೆ ಕಾದು ಹೊಗೆ ಬಿಟ್ಟಿತು.

ಆ-ಖುನ್ ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ಮೋಟರಿನ ಫಲಕದಲ್ಲಿದ್ದ ಆಂಪಿಯರ್ ಬರೆದುಕೊಂಡು ಸ್ಕೂಟರ್ ಏರಿದ. ಆಂಪಿಯರ್ ನೋಡಿ ಕೊಡು ಎಂದರೂ ಮೋಟರಿನ ಕುದುರೆಶಕ್ತಿ ಎಷ್ಟು ಎಂದು ಒಂದೇ ಸಮನೆ ಕೇಳುತ್ತಿದ್ದ ಅಂಗಡಿಯವನೊಡನೆ ಜಗಳವಾಡಿ, ಮೂವತ್ತು ಕಿಲೋದ ರಿಯಾಕ್ಟರನ್ನು ಕಾಲ ನಡುವೆ ಇಟ್ಟುಕೊಂಡು ಬಂದ. ಅದು ಪೆಟ್ಟಿಗೆಯೊಳಗೆ ಹೋಗಲೇ ಇಲ್ಲ. ಸುತ್ತ ನೆರೆದವರು ನಕ್ಕರು. ನಗಲಿ ಬಿಡಿ, ಅವನು ಪಕ್ಕದಲ್ಲೇ ಕಬ್ಬಿಣದ ಸ್ಟ್ಯಾಂಡ್ ವೆಲ್ಡ್ ಮಾಡಿ, ರಿಯಾಕ್ಟರ್ ಕೂರಿಸಿ, ತಂತಿ ಬಿಗಿದು, ಸುತ್ತ ಜಾಲರಿ ಹಾಕಿದ. ಒಂದಕ್ಕೆ ಸರಿಯಾಗಿ ಗುಂಡಿ ಒತ್ತಿದ. ಯಂತ್ರ ಎರಡಕ್ಕೂ ಓಡಿತು, ನಾಲ್ಕಕ್ಕೂ ಓಡಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಯಜಮಾನಿ ಬಂದು ಜಾಲರಿಯ ಹಿಂಬದಿಗೆ ಕೈಮುಗಿದರು. ಆ-ಖುನ್ ಬಗ್ಗಿ ನೋಡಿದ. ಹಸಿರು ಪೊಟ್ಟಣ! ಯಂತ್ರ ಶುರುಮಾಡಿ ಅವನು ಊಟಕ್ಕೆ ಹೋಗಿದ್ದಾಗ ಮೇಯ್-ಚಿನ್ ಚಿಕ್ಕಮ್ಮ ಸಿಕ್ಕಿಸಿದ್ದಳು.

“ಎಷ್ಟು ಚೆನ್ನಾಗಿ ಕೆಲ್ಸ ಮಾಡ್ತಿದೆ ನೋಡು,” ಎಂದರು ಯಜಮಾನಿ.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಪೊಟ್ಟಣ ಕಿತ್ತು, ಹರಿದು, ಎಲ್ಲರೆದುರೇ ಕರುಂಕುರುಂ ಎಂದು ಕೊನೆಯ ಪುಡಿಯವರೆಗೂ ತಿಂದುಬಿಟ್ಟ.

“ಈಗ ನೋಡ್ರಿ. ಪೊಟ್ಟಣ ಇಲ್ಲ. ಓಡುತ್ತೋ ಇಲ್ವೋ?”

ಎಲ್ಲರೂ ಗಡಿಯಾರದತ್ತ ತಿರುಗಿದರು. ಐದು ಹೊಡೆಯಿತು. ಯಂತ್ರ ಓಡುತ್ತಲೇ ಇತ್ತು. ಆ-ಖುನ್ ಗೆದ್ದವನ ಗತ್ತಿನಲ್ಲಿ ಯಜಮಾನಿಯತ್ತ ತಿರುಗಿದ. ಅವರು ಖಾಲಿ ಪೊಟ್ಟಣದ ಬೆನ್ನು ತಿರುಗಿಸಿ ಏನೋ ಓದಿದರು. ಆಮೇಲೆ ಸ್ಟೂಲೊಂದನ್ನು ತರಿಸಿ ರಿಯಾಕ್ಟರಿನ ಪಕ್ಕ ಹಾಕಿಸಿದರು.

“ಪೊಟ್ಟಣ ಎಲ್ಲಿ ಹೋಯ್ತಪ್ಪ? ನಿನ್ ಹೊಟ್ಟೇಲೇ ಇದೆಯಲ್ಲ,” ಎಂದರು ಶಾಂತವಾಗಿ. “ಇಲ್ಲಿಂದ ಕದಲಬೇಡ. ಇದರ ಅವಧಿ ಬರೋ ಏಪ್ರಿಲ್ ತನಕ ಇದೆ.”